ಮಂಗಳವಾರ ರಾತ್ರಿ 8ರ ಒಳಗೆ: ಆಸ್ಪತ್ರೆ ಬೆಡ್ ಮೇಲಿಂದ ಹಾಕಿದ ಒಂದು ಓಟು

2024 ನವೆಂಬರ್ 2, ಶನಿವಾರ, ರಾತ್ರಿ ಹನ್ನೊಂದೂವರೆ ಇರ್ಬೇಕು, ಪಕ್ಕದ ಬೀದಿ ಆಂಟಿ ಫೋನು. "ಇವ್ರಿಗೆ ಎದೆನೋವು ಅಂತಿದಾರೆ, 911ಗೆ ಮಾಡಿದೀನಿ, ನೀನ್ ಸ್ವಲ್ಪ ಬರ್ತೀಯೇನಪ" ಅಂದ್ರು. ನಾನು ಹೋಗೋ ಹೊತ್ತಿಗೆ ಆಂಬುಲೆನ್ಸ್ ಬಂದಿತ್ತು, ಆಂಟಿನ ನನ್ನ ಕಾರಲ್ಲಿ ಕೂರಿಸ್ಕೊಂಡು ಹಿಂದೇನೇ ಹೋದೆ. ನಾವಿರೋದು ಅಮೇರಿಕಾದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಫಿಲಡೆಲ್ಫಿಯಾಕ್ಕೆ ಹತ್ರದ ಒಂದು ಕೌಂಟಿ, ಅಂದ್ರೆ ನಮ್ಮ ಕಡೆ ಜಿಲ್ಲೆ ಥರ. ಮೊದಲು ಊರಿನ ಆಸ್ಪತ್ರೆ, ಅಲ್ಲಿಂದ ಬೆಳಗಿನ ಜಾವ ಸಿಟಿ ಒಳಗಿನ ದೊಡ್ಡ ಆಸ್ಪತ್ರೆಗೆ ಶಿಫ್ಟ್ ಮಾಡಿದ್ರು. ಅಂಕಲ್‌ಗೆ 71 ವರ್ಷ, ದಾವಣಗೆರೆ ಕಡೆಯವ್ರು, ರಿಟೈರ್ಡ್ ಇಂಜಿನಿಯರ್. ಅವ್ರ ಹೆಸರು, ಆಸ್ಪತ್ರೆ ಹೆಸರು, ಕೌಂಟಿ ಹೆಸರು ಬೇಕಂತಾನೇ ಬರೀತಿಲ್ಲ. ಬರೀಬೇಕಾಗಿರೋದು ಆಮೇಲಿನ ಮೂರು ದಿನದಲ್ಲಿ ಏನಾಯ್ತು ಅಂತ, ಯಾಕಂದ್ರೆ ಇದೇ ಪರಿಸ್ಥಿತಿ ಇಲ್ಲಿ ಯಾವ ಕನ್ನಡದ ಮನೆಗೆ ಬೇಕಾದ್ರೂ ಬರ್ಬಹುದು, ಬಂದಾಗ ಆಸ್ಪತ್ರೆಯಿಂದಾನೇ ಓಟ್ ಹಾಕೋಕೆ ಫಾರ್ಮ್ ಇದೆ ಅಂತಾನೇ ಯಾರಿಗೂ ಗೊತ್ತಿರಲ್ಲ.

ಭಾನುವಾರ ಮಧ್ಯಾಹ್ನ ಡಾಕ್ಟರು ಬಂದು ಸಣ್ಣ ಹಾರ್ಟ್ ಅಟ್ಯಾಕ್ ಆಗಿದೆ, ಸೋಮವಾರ ಆಂಜಿಯೋಗ್ರಾಮ್ ಮಾಡ್ತೀವಿ, ಬ್ಲಾಕ್ ಇದ್ರೆ ಅಲ್ಲೇ ಸ್ಟೆಂಟ್ ಹಾಕ್ತೀವಿ, ಮನೆಗೆ ಹೋಗೋದು ಮಂಗಳವಾರ ಸಂಜೆ ಇಲ್ಲಾ ಬುಧವಾರ ಅಂತ ಹೇಳಿ ಹೋದ್ರು. ಅವ್ರು ಹೋಗಿ ಹತ್ತು ನಿಮಿಷಕ್ಕೆ ಅಂಕಲ್ ಕಣ್ಣು ಮುಚ್ಕೊಂಡೇ "ಮಂಗಳವಾರ ಎಲೆಕ್ಷನ್ ಅಲ್ವೇನಪ" ಅಂದ್ರು. ಆಂಟಿಗೆ ಸಿಟ್ಟು ಬಂತು, "ಏನ್ರೀ, ಜೀವ ಉಳ್ದಿರೋದೇ ಹೆಚ್ಚು, ಈಗ ಅದೊಂದು ಬೇಕಾ ನಿಮಗೆ" ಅಂತ. ಆದ್ರೆ ಅಂಕಲ್ ಸುಮ್ನಾಗಲಿಲ್ಲ. 2006ರಲ್ಲಿ ಸಿಟಿಜನ್ ಆದ್ಮೇಲೆ ಒಂದೂ ಎಲೆಕ್ಷನ್ ಬಿಟ್ಟಿಲ್ಲ ಅವ್ರು, ಸ್ಕೂಲ್ ಬೋರ್ಡ್ ಎಲೆಕ್ಷನ್ನಿಗೂ ಹೋಗ್ತಾರೆ. ಇದು ಅಧ್ಯಕ್ಷರ ಚುನಾವಣೆ ಬೇರೆ, ಪೆನ್ಸಿಲ್ವೇನಿಯಾದಲ್ಲಿ ಅದರ ಗೆಲುವಿನ ಅಂತರ 2016ರಲ್ಲಿ 44 ಸಾವಿರ ಚಿಲ್ಲರೆ, 2020ರಲ್ಲಿ 80 ಸಾವಿರ ಚಿಲ್ಲರೆ, 60-70 ಲಕ್ಷ ಜನ ಓಟ್ ಹಾಕೋ ರಾಜ್ಯದಲ್ಲಿ ಅಷ್ಟೇ. ಇಲ್ಲಿ ಒಂದೊಂದು ಓಟಿಗೂ ತೂಕ ಇದೆ ಅನ್ನೋದು ಅವ್ರ ಮಾತು, ನನಗೂ ಹಾಗೇ ಅನ್ಸುತ್ತೆ.

ಮೇಲ್-ಇನ್ ಬ್ಯಾಲೆಟ್ ಯಾಕೆ ತಗೊಂಡಿರ್ಲಿಲ್ಲ ಅಂತ ನೀವು ಕೇಳ್ಬಹುದು. 2019ರ ಕಾನೂನು ಬಂದ್ಮೇಲೆ ಇಲ್ಲಿ ಯಾರು ಬೇಕಾದ್ರೂ ಕಾರಣ ಕೊಡ್ದೇ ಅಂಚೆ ಬ್ಯಾಲೆಟ್ ತರಿಸ್ಕೊಬಹುದು, ನಿಜ. ಆದ್ರೆ ಅಂಕಲ್‌ಗೆ ಬೂತಿಗೆ ಹೋಗಿ, ಲೈನಲ್ಲಿ ನಿಂತು, ಪರಿಚಯದವ್ರನ್ನ ಮಾತಾಡಿಸಿ ಹಾಕಿದ್ರೇನೇ ಓಟು. ಅರ್ಜಿ ಹಾಕೋಕೆ ಕೊನೇ ಗಡುವು ಅಕ್ಟೋಬರ್ 29, ಮಂಗಳವಾರ ಸಂಜೆ 5 ಗಂಟೆ. ಆವತ್ತು ಅವ್ರು ಗಟ್ಟಿಮುಟ್ಟಾಗಿ ಹಿತ್ತಲಲ್ಲಿ ಎಲೆ ಗುಡಿಸ್ತಾ ಇದ್ರು.

ಆಸ್ಪತ್ರೆ ರೂಮಿನ ಟಿವಿಲಿ ಎಲೆಕ್ಷನ್ನಿಂದೇ ಸುದ್ದಿ. ಆಂಟಿಗೆ ಇದ್ದಕ್ಕಿದ್ದಂಗೆ ಸುನೀತಾ ವಿಲಿಯಮ್ಸ್ ನೆನಪಾದ್ರು. ಜೂನಲ್ಲಿ ಸುಮಾರು ಎಂಟು ದಿನಕ್ಕೆ ಅಂತ ಹೋದವ್ರು ಸ್ಟಾರ್‌ಲೈನರ್ ನೌಕೆ ತೊಂದ್ರೆಯಿಂದ ಮೇಲೇ ಉಳ್ಕೊಂಡ್ರಲ್ಲ, ಸೆಪ್ಟೆಂಬರಲ್ಲಿ ಅವ್ರೂ ಜೊತೆಗಿದ್ದ ಬುಚ್ ವಿಲ್ಮೋರೂ ಅಲ್ಲಿಂದಾನೇ ಓಟ್ ಹಾಕ್ತೀವಿ ಅಂದಿದ್ರು. "ಆಕಾಶದಿಂದ ಹಾಕ್ಬಹುದಂತೆ, ಆಸ್ಪತ್ರೆಯಿಂದ ಆಗಲ್ವೇನೋ?" ಅಂದ್ರು ಆಂಟಿ. ಆಗ ತಾನೇ ಬೈದಿದ್ದವ್ರೇ ಈಗ ದಾರಿ ಹುಡುಕೋಕೆ ಶುರು ಮಾಡಿದ್ರು. ಗಗನಯಾತ್ರಿಗಳಿಗೆ ಟೆಕ್ಸಾಸ್ 1997ರಲ್ಲೇ ಬೇರೆ ನಿಯಮ ಮಾಡಿದೆ, ಅದು ನಮಗೆ ಅನ್ವಯ ಆಗಲ್ಲ, ಆದ್ರೆ ಪ್ರಶ್ನೆ ಸರಿಯಾಗೇ ಇತ್ತು, ನಾನು ಫೋನ್ ತೆಗ್ದು ರಾಜ್ಯದ ಎಲೆಕ್ಷನ್ ವೆಬ್‌ಸೈಟ್ ನೋಡ್ತಾ ಕೂತೆ.

ಅಲ್ಲಿ ಸಿಕ್ತು, ಎಮರ್ಜೆನ್ಸಿ ಆಬ್ಸೆಂಟಿ ಬ್ಯಾಲೆಟ್, ಅಂದ್ರೆ ಬೂತಿಗೆ ಬರೋಕಾಗದವ್ರಿಗೆ ತುರ್ತಾಗಿ ಕೊಡೋ ಬ್ಯಾಲೆಟ್. ಮಾಮೂಲಿ ಗಡುವು ಮುಗಿದ ಮೇಲೆ ಕಾಯಿಲೆ ಬಿದ್ದವ್ರು, ಕಾಯಿಲೆಯಿಂದಾಗಿ ಗಡುವಿನೊಳಗೆ ಅರ್ಜಿ ಹಾಕೋಕಾಗದವ್ರು, ಮುಂಚೆ ಗೊತ್ತಿರದ ಕೆಲಸದ ಮೇಲೆ ಊರು ಬಿಡಬೇಕಾಗಿ ಬಂದವ್ರು, ಇಂಥವ್ರಿಗೆ ಅಂತಾನೇ ಇರೋದು. ಚುನಾವಣೆ ದಿನ ಬೂತ್ ಮುಚ್ಚೋ ತನಕ, ಅಂದ್ರೆ ರಾತ್ರಿ 8ರ ತನಕ ಕೌಂಟಿ ಎಲೆಕ್ಷನ್ ಆಫೀಸಿಗೆ ಅರ್ಜಿ ಕೊಡ್ಬಹುದು. ಯಾಕೆ ಮೊದಲೇ ಹಾಕೋಕಾಗ್ಲಿಲ್ಲ ಅಂತ ಅರ್ಜಿಲೇ ಬರೆದು ಸಹಿ ಮಾಡ್ಬೇಕು. ತಾನೇ ಬರೋಕಾಗದ ಮತದಾರ ಲಿಖಿತವಾಗಿ ಒಬ್ರನ್ನ ನೇಮಿಸಿದ್ರೆ ಬ್ಯಾಲೆಟ್ಟನ್ನ ಅವ್ರ ಕೈಗೆ ಕೊಡ್ತಾರೆ, ಅವ್ರು ಅದನ್ನ ಮತದಾರನಿಗೆ ತಲುಪಿಸಿ, ತುಂಬಿದ ಮೇಲೆ ವಾಪಸ್ ಆಫೀಸಿಗೇ ತಂದು ಕೊಡ್ಬೇಕು. ಎಲ್ಲಾ ಸೇರಿ ಚುನಾವಣೆ ದಿನ ರಾತ್ರಿ 8ರ ಒಳಗೆ ಆಫೀಸಲ್ಲಿ ಇರ್ಬೇಕು, ಅಂಚೆ ಮುದ್ರೆ ಯಾವತ್ತಿಂದು ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ.

ಒಂದು ವಿಷಯಕ್ಕೆ ನಾವು ಅರ್ಧ ಗಂಟೆ ಯೋಚನೆ ಮಾಡಿದ್ವಿ, ಅದನ್ನ ಹೇಳಲೇಬೇಕು. ಮಂಗಳವಾರ ಸಂಜೆ ಡಿಸ್ಚಾರ್ಜ್ ಆಗೋ ಚಾನ್ಸ್ ಇದೆ ಅಂದಿದ್ರಲ್ಲ, ಹಾಗಾಗಿ ಅಂಕಲ್ "ಕಾಯೋಣಪ, ಬೇಗ ಬಿಟ್ರೆ ನೇರ ಬೂತಿಗೇ ಹೋಗ್ತೀನಿ, ಈಗ ಅರ್ಜಿ ಹಾಕಿದ್ರೆ ಆಮೇಲೆ ಬೂತಲ್ಲಿ ಬಿಡಲ್ವೇನೋ" ಅಂತ. ಇದು ಬಹಳ ಜನರನ್ನ ಕಟ್ಟಿಹಾಕೋ ಭಯ. ನಿಯಮ ಏನಂದ್ರೆ, ಬ್ಯಾಲೆಟ್ ಕೈಗೆ ಬಂದ್ಮೇಲೂ ಅದನ್ನ ತುಂಬಿ ವಾಪಸ್ ಕೊಟ್ಟಿಲ್ಲ ಅಂದ್ರೆ, ಆ ಬ್ಯಾಲೆಟ್ಟನ್ನೂ ಹೊರಗಿನ ಕವರನ್ನೂ ಬೂತಿಗೆ ತಗೊಂಡ್ ಹೋಗಿ ಒಪ್ಪಿಸಿ ಅಲ್ಲೇ ಮಾಮೂಲಿ ಓಟ್ ಹಾಕ್ಬಹುದು, ಅವು ಕೈಲಿಲ್ಲ ಅಂದ್ರೆ ಪ್ರಾವಿಷನಲ್ ಬ್ಯಾಲೆಟ್, ಅಂದ್ರೆ ಆಮೇಲೆ ಪರಿಶೀಲಿಸಿ ಎಣಿಸೋ ಬ್ಯಾಲೆಟ್ ಕೊಡ್ತಾರೆ. ಅಂದ್ರೆ ಅರ್ಜಿ ಹಾಕೋದ್ರಿಂದ ಬೂತಿನ ಬಾಗಿಲು ಮುಚ್ಚಲ್ಲ, ಕಾಯ್ತಾ ಕೂತ್ರೆ ಎರಡೂ ಬಾಗಿಲು ಮುಚ್ಬಹುದು. ಇದನ್ನ ಓದಿ ಹೇಳಿದ್ಮೇಲೆ ಅಂಕಲ್ ಒಪ್ಪಿದ್ರು.

ರಾತ್ರಿ ಡ್ಯೂಟಿ ನರ್ಸ್ ಬಹಳ ಒಳ್ಳೆಯವ್ಳು, ತನ್ನ ಸ್ಟೇಷನ್ನಿನ ಪ್ರಿಂಟರಲ್ಲೇ ಅರ್ಜಿ ಪ್ರಿಂಟ್ ಹಾಕಿಕೊಟ್ಲು. ಹೆಸರು, ಮನೆ ವಿಳಾಸ, ಹುಟ್ಟಿದ ದಿನ, ಡ್ರೈವಿಂಗ್ ಲೈಸೆನ್ಸ್ ನಂಬರ್, ಕಾರಣ. ಕಾರಣದ ಜಾಗದಲ್ಲಿ ಅಂಕಲ್ ತಾವೇ ನಾಕು ಸಾಲು ಬರೆದ್ರು, ಯಾವತ್ತು ಎಷ್ಟೊತ್ತಿಗೆ ನೋವು ಬಂತು, ಯಾವ ಆಸ್ಪತ್ರೆ, ಯಾವಾಗ ಪ್ರೊಸೀಜರ್ ಅಂತ. ಕೈ ನಡುಗ್ತಾ ಇತ್ತು, ಐವಿ ಸೂಜಿ ಬಲಗೈಗೇ ಹಾಕಿದ್ರು, ಆದ್ರೂ ಸಹಿ ಸರಿಯಾಗಿ ಬಂತು.

ಸೋಮವಾರ ಬೆಳಿಗ್ಗೆ 8ಕ್ಕೆ ಕೌಂಟಿ ಆಫೀಸಿಗೆ ಫೋನ್ ಮಾಡಿದೆ, ಇಪ್ಪತ್ತು ನಿಮಿಷ ಹೋಲ್ಡ್. ಆಮೇಲೆ ಸಿಕ್ಕವ್ರಿಗೆ "ನಮ್ಮ ಅಂಕಲ್ ಆಸ್ಪತ್ರೆಲಿದಾರೆ, ಮೇಲ್ ಬ್ಯಾಲೆಟ್ ಬೇಕು" ಅಂದೆ. ಅದು 29ಕ್ಕೇ ಮುಗೀತು, ಆಗಲ್ಲ ಅಂತ ಉತ್ತರ. ಅವ್ರದ್ದೂ ಪೂರ್ತಿ ತಪ್ಪಲ್ಲ, ಆ ವಾರ ಎಲ್ಲಾ ಕಡೆ ಅದೇ ಗಲಾಟೆ, ಬಕ್ಸ್ ಕೌಂಟಿಲಿ ಕೋರ್ಟ್ ಆರ್ಡರ್ ಮೇಲೆ ಆಫೀಸಿಗೇ ಬಂದು ಕೇಳೋವ್ರಿಗೆ ನವೆಂಬರ್ 1ರ ತನಕ ಅವಕಾಶ ಕೊಟ್ಟಿದ್ರು, ಅದನ್ನ ಟಿವಿಲಿ ನೋಡಿ ಬೇರೆ ಕೌಂಟಿಯವ್ರೂ ಫೋನ್ ಮಾಡಿ ಮಾಡಿ ಆಫೀಸಿನವ್ರು ಸಾಕಾಗಿ ಹೋಗಿದ್ರು ಅನ್ಸುತ್ತೆ. ನಾನು "ಎಮರ್ಜೆನ್ಸಿ ಆಬ್ಸೆಂಟಿ" ಅನ್ನೋ ಪದ ಹೇಳಿದ ತಕ್ಷಣ ಬೇರೆ ಡೆಸ್ಕಿಗೆ ಕನೆಕ್ಟ್ ಮಾಡಿದ್ರು, ಅಲ್ಲಿ ಒಬ್ಬಾಕೆ ಸಮಾಧಾನವಾಗಿ ಅರ್ಜಿ ತಗೊಂಡ್ ಬನ್ನಿ ಅಂದ್ರು. ಮೇಲ್ ಬ್ಯಾಲೆಟ್ ಅಂತ ಕೇಳಿದ್ರೆ ಆಗಲ್ಲ ಅನ್ನೋ ಉತ್ತರಾನೇ ಬರುತ್ತೆ, ಯಾಕಂದ್ರೆ ಅದು ನಿಜವಾಗ್ಲೂ ಆಗಲ್ಲ. ಫೋನಲ್ಲಿ ಮೊದಲ ಮಾತೇ ಎಮರ್ಜೆನ್ಸಿ ಅಂತ ಇರ್ಬೇಕು.

ಆಮೇಲೆ ಆಗಿದ್ದು ನನ್ನ ತಪ್ಪು. ಅರ್ಜಿ ತಗೊಂಡು ಸೀದಾ ಆಫೀಸಿಗೆ ಹೋದೆ, ಲೈನು ಬಾಗಿಲಾಚೆ ತನಕ ಇತ್ತು, ಎರಡು ಗಂಟೆ ನಿಂತೆ. ಕೌಂಟರಲ್ಲಿ ಅರ್ಜಿ ನೋಡಿದ್ರು, ಸರಿ ಇದೆ ಅಂದ್ರು, ಮತದಾರರ ಪಟ್ಟಿಲಿ ಚೆಕ್ ಮಾಡಿದ್ರು, ಆಮೇಲೆ "ನಿಮ್ಮನ್ನ ಏಜೆಂಟ್ ಅಂತ ಮಾಡಿರೋ ಪತ್ರ ಎಲ್ಲಿ" ಅಂದ್ರು. ಅದು ಬೇರೆ ಫಾರ್ಮು. ಡೆಸಿಗ್ನೇಟೆಡ್ ಏಜೆಂಟ್ ಅಂತ, ಮತದಾರನೂ ಸಹಿ ಮಾಡ್ಬೇಕು, ತರೋಕೆ ಹೋಗೋವ್ರೂ ಮಾಡ್ಬೇಕು. ರಾತ್ರಿ ಅದನ್ನ ನಾನು ನೋಡಿದ್ದೆ, ಅದು ಅಂಗವಿಕಲರಿಗೆ ಮಾತ್ರ ಅಂತ ಅನ್ಕೊಂಡು ಬಿಟ್ಟಿದ್ದೆ. ಅರ್ಜಿ ಅವ್ರೇ ಇಟ್ಕೊಂಡ್ರು, ಬ್ಯಾಲೆಟ್ ಕೊಡಲಿಲ್ಲ. ವಾಪಸ್ ಆಸ್ಪತ್ರೆಗೆ 25 ಮೈಲಿ. ನಾನು ತಲುಪೋ ಹೊತ್ತಿಗೆ ಅಂಕಲ್‌ನ ಆಂಜಿಯೋಗ್ರಾಮ್ ಮಾಡೋ ಕ್ಯಾತ್ ಲ್ಯಾಬಿಗೆ ಒಳಗೆ ಕರ್ಕೊಂಡ್ ಹೋಗಾಗಿತ್ತು, ಎರಡು ಸ್ಟೆಂಟ್ ಹಾಕಿದ್ರು, ಹೊರಗೆ ಬಂದಾಗ ಮಂಪರು. ಮಂಪರಲ್ಲಿರೋ ಮನುಷ್ಯನ ಕೈಲಿ ಸಹಿ ಹಾಕಿಸೋದು ಸರಿಯಲ್ಲ, ಆಂಟಿನೂ ಬೇಡ ಅಂದ್ರು, ನಾನೂ ಬೇಡ ಅಂದೆ. ಸಂಜೆ 7ರ ಮೇಲೆ ಪೂರ್ತಿ ಎಚ್ಚರ ಆಗಿ, ಇಡ್ಲಿ ಕೇಳಿ, ಸಿಗದೆ ಬ್ರೆಡ್ ತಿಂದು, ಆಮೇಲೆ ಫಾರ್ಮ್ ಓದಿ ಸಹಿ ಮಾಡಿದ್ರು. ಆಗ ಆಫೀಸ್ ಮುಚ್ಚಿತ್ತು. ಆ ಒಂದು ಹಾಳೆಯಿಂದ ಒಂದು ಇಡೀ ದಿನ ಹೋಯ್ತು, ಉಳಿದಿದ್ದು ಮಂಗಳವಾರ ಒಂದೇ.

ಇನ್ನೊಂದು ನಿಯಮಾನೂ ಅಲ್ಲೇ ಕಣ್ಣಿಗೆ ಬಿತ್ತು, ಒಬ್ಬ ಏಜೆಂಟ್ ಒಬ್ಬ ಮತದಾರನಿಗೆ ಮಾತ್ರ, ಎರಡನೆಯವ್ರು ಏಜೆಂಟಿನ ಮನೆಯವ್ರೇ ಆಗಿದ್ರೆ ಬೇರೆ ಮಾತು. ಪಕ್ಕದ ರೂಮಲ್ಲಿ ನಮ್ಮ ಕೌಂಟಿಯವ್ರೇ ಒಬ್ಬ ಅಜ್ಜಿ ಇದ್ರು, ಅವ್ರ ಮಗಳು ನನ್ನ ಕೈಲಿದ್ದ ಫಾರ್ಮ್ ನೋಡಿ ನಮ್ಮಮ್ಮಂದೂ ತರ್ತೀರಾ ಅಂತ ಕೇಳಿದ್ರು. ಇಲ್ಲ ಅನ್ಬೇಕಾಯ್ತು, ಮನಸ್ಸಿಗೆ ಬಹಳ ಕಷ್ಟ ಆಯ್ತು. ಫಾರ್ಮ್ ಎಲ್ಲಿ ಸಿಗುತ್ತೆ, ಏನೇನು ಬೇಕು ಅಂತ ತೋರ್ಸಿದೆ, ಮಗಳೇ ಏಜೆಂಟ್ ಆಗಿ ಹೋಗೋದು ಅಂತ ಆಯ್ತು. ಓಟುಗಳನ್ನ ಒಬ್ರೇ ಗುಡ್ಡೆ ಹಾಕ್ಕೊಂಡು ತರಬಾರದು ಅನ್ನೋ ಆ ಕಟ್ಟು ಬೇಕು ಅಂತ ನನಗೂ ಗೊತ್ತು.

ಆಂಟಿ ಓಟಿಂದು ಏನು? ಅವ್ರಿಗೆ ಕಾಯಿಲೆ ಇಲ್ಲ, ಕೆಲಸದ ಮೇಲೆ ಊರು ಬಿಟ್ಟಿಲ್ಲ, ರೋಗಿ ಪಕ್ಕ ಕೂತಿದಾರೆ ಅಷ್ಟೇ. ನೋಡ್ಕೊಳ್ಳೋವ್ರ ಬಗ್ಗೆ ಆ ನಿಯಮದಲ್ಲಿ ಹೆಸರು ಹೇಳಿ ಏನೂ ಬರ್ದಿಲ್ಲ. ರೋಗಿಗೆ ದಾರಿ ಇದೆ, ರೋಗಿ ಕೈ ಹಿಡ್ಕೊಂಡು ರಾತ್ರಿ ಪೂರ್ತಿ ಕುರ್ಚಿಲಿ ಕೂತವ್ರಿಗೆ ಸ್ಪಷ್ಟವಾದ ದಾರಿ ಇಲ್ಲ. ಇದು ನನಗೆ ಈಗಲೂ ಸರಿ ಅನ್ಸಲ್ಲ. ನಮ್ಮ ಮಟ್ಟಿಗೆ ಕಾರ್ ಇತ್ತು, ನಾನಿದ್ದೆ, ಮಂಗಳವಾರ ಬೆಳಿಗ್ಗೆ 6ಕ್ಕೆ ಅವ್ರನ್ನ ಕರ್ಕೊಂಡು ಹೊರಟು 7ಕ್ಕೆ ಬೂತ್ ತೆಗೆಯೋ ಹೊತ್ತಿಗೆ ನಮ್ಮೂರಿನ ಲೈನಲ್ಲಿ ನಿಂತಿದ್ವಿ, ಇಬ್ರದ್ದೂ ಆಯ್ತು. ಅವ್ರು ಮನೇಲಿ ಸ್ನಾನ ಮಾಡಿ, ಅನ್ನ ಸಾರು ಡಬ್ಬಿಗೆ ಹಾಕೊಳ್ಳೋ ಹೊತ್ತಿಗೆ ನಾನು ಕೌಂಟಿ ಆಫೀಸಿಗೆ ಹೋದೆ.

ಈ ಸಲ ಎರಡು ಸಹಿ ಇದ್ದ ಏಜೆಂಟ್ ಫಾರ್ಮು, ನನ್ನ ಲೈಸೆನ್ಸು, ಎರಡೂ ಕೈಲಿತ್ತು. ಹತ್ತೂವರೆಗೆ ಬ್ಯಾಲೆಟ್ ಸಿಕ್ತು, ಒಂದು ಬ್ಯಾಲೆಟ್, ಒಳಗಿನ ಸೀಕ್ರೆಸಿ ಕವರ್, ಹೊರಗಿನ ಡಿಕ್ಲರೇಷನ್ ಕವರ್. ಕೊಡುವಾಗ ಆಕೆ ಬೆರಳಿಟ್ಟು ತೋರಿಸಿ ಹೇಳಿದ್ರು, ಮೊದಲು ಒಳಗಿನ ಕವರ್, ಆಮೇಲೆ ಹೊರಗಿನದು, ಹೊರಗಿನದರ ಮೇಲೆ ಅವ್ರೇ ಸಹಿ, ಅವ್ರೇ ತಾರೀಖು. ಇದು ಸುಮ್ನೆ ಹೇಳೋ ಮಾತಲ್ಲ. ಒಳಗಿನ ಕವರ್ ಇಲ್ಲದೆ ಬಂದ ಬ್ಯಾಲೆಟ್ ಎಣಿಸೋ ಹಾಗಿಲ್ಲ ಅಂತ ಈ ರಾಜ್ಯದ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ, ತಾರೀಖಿನ ಬಗ್ಗೆ ವರ್ಷಗಟ್ಟಲೆ ಕೇಸ್ ನಡೆದಿದೆ, 2024ರ ಆ ಚುನಾವಣೇಲಿ ತಾರೀಖಿಲ್ಲದ ಕವರ್ ಎಣಿಕೆಗೆ ಬರದೆ ಪಕ್ಕಕ್ಕೆ ಹೋಗ್ತಿತ್ತು.

ಹನ್ನೆರಡಕ್ಕೆ ಆಸ್ಪತ್ರೆ. ಅಂಕಲ್ ಹಾಸಿಗೆ ಮೇಲೆ ಎದ್ದು ಕೂತು ಕನ್ನಡಕ ಹಾಕೊಂಡು ಕಾಯ್ತಾ ಇದ್ರು. ಊಟದ ಟೇಬಲ್ ಎಳೆದು ಬ್ಯಾಲೆಟ್ ಅದರ ಮೇಲಿಟ್ಟೆ, ಕಪ್ಪು ಪೆನ್ ಕೊಟ್ಟೆ, ಕರ್ಟನ್ ಎಳೆದು ನಾನೂ ಆಂಟಿನೂ ಆಚೆ ನಿಂತ್ವಿ. ಅವ್ರು ಯಾರಿಗೆ ಹಾಕಿದ್ರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳಿಲ್ಲ, ಕೇಳೋದೂ ಇಲ್ಲ. ಹತ್ತು ನಿಮಿಷ ಆದ್ಮೇಲೆ "ಬಾರಪ, ಕವರ್ ಅಂಟಿಸಿದೀನಿ, ತಾರೀಖು ಹೆಂಗ್ ಹಾಕ್ಲಿ" ಅಂದ್ರು. ನಮ್ಮವ್ರೆಲ್ಲ ಇಲ್ಲಿ ಹುಷಾರಾಗಿರ್ಬೇಕು. ಎಷ್ಟು ವರ್ಷ ಇದ್ರೂ ಸುಸ್ತಾದಾಗ ಕೈ ಊರಿನ ರೂಢಿಗೇ ಹೋಗುತ್ತೆ, ಮೊದಲು ದಿನ, ಆಮೇಲೆ ತಿಂಗಳು. 5/11 ಅಂತ ಬರೆದಿದ್ರೆ ಇಲ್ಲಿ ಅದು ಮೇ 11 ಆಗ್ತಿತ್ತು. ಮೊದಲು ತಿಂಗಳು ಅಂಕಲ್ ಅಂದೆ, 11/05 ಅಂತ ನಿಧಾನಕ್ಕೆ ದಪ್ಪ ಅಕ್ಷರದಲ್ಲಿ ಬರೆದ್ರು.

ವಾಪಸ್ ಹೋಗೋವಾಗ ಹೆದ್ದಾರಿಲಿ ಏನೋ ಆಕ್ಸಿಡೆಂಟ್, ಗಾಡಿಗಳೆಲ್ಲ ನಿಂತಿದ್ವು, ಪಕ್ಕದ ಸೀಟಲ್ಲಿ ಆ ಕವರ್. ದಾರೀಲಿ ಯಾವುದಾದ್ರೂ ಬೂತಲ್ಲಿ ಕೊಟ್ಬಿಡೋಣ ಅನ್ನಿಸ್ತು, ಆದ್ರೆ ಪೆನ್ಸಿಲ್ವೇನಿಯಾದಲ್ಲಿ ಬೂತಲ್ಲಿ ತುಂಬಿದ ಇಂಥ ಬ್ಯಾಲೆಟ್ ತಗೊಳಲ್ಲ, ಏಜೆಂಟ್ ಆದವ್ನು ಆಫೀಸಿಗೇ ಮುಟ್ಟಿಸ್ಬೇಕು. ಮೂರು ಗಂಟೆಗೆ ತಲುಪಿದೆ, ಕೌಂಟರಲ್ಲಿ ಕೊಟ್ಟೆ, ಅವ್ರು ಸಹಿ ತಾರೀಖು ಎರಡೂ ನೋಡಿ ತಗೊಂಡ್ರು. ಐದು ಗಂಟೆ ಉಳಿದಿತ್ತು. ಸೋಮವಾರದ ತಪ್ಪು ಮಂಗಳವಾರ ಮಧ್ಯಾಹ್ನ ಆಗಿದ್ರೆ ಆ ಐದು ಗಂಟೆ ಸಾಲ್ತಾನೇ ಇರ್ಲಿಲ್ಲ. ಅಂಕಲ್‌ನ ಡಿಸ್ಚಾರ್ಜ್ ಮಾಡಿದ್ದು ಬುಧವಾರ ಮಧ್ಯಾಹ್ನ, ಅಂದ್ರೆ ಕಾಯ್ತಾ ಕೂತಿದ್ರೆ ಓಟು ಹೋಗ್ತಿತ್ತು.

ಈ ಮೂರು ದಿನ ನನ್ನ ತಲೇಲಿ ಓಡ್ತಾ ಇದ್ದದ್ದು ನಮ್ಮಪ್ಪ. ಅದೇ ವರ್ಷ ಏಪ್ರಿಲಲ್ಲಿ ಮೈಸೂರಲ್ಲಿ ಬಚ್ಚಲುಮನೇಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರು, 79 ವರ್ಷ. ಲೋಕಸಭೆ ಮತದಾನ ಏಪ್ರಿಲ್ 26, ಅವ್ರು ಬಿದ್ದಿದ್ದು ಅದಕ್ಕೆ ಹತ್ತು ದಿನ ಮುಂಚೆ. ಮನೆಯಿಂದ ಮತದಾನ ಅಂತ ಇದೆಯಲ್ಲ, ಕರ್ನಾಟಕಕ್ಕೆ 2023ರ ವಿಧಾನಸಭೆ ಚುನಾವಣೇಲಿ ಬಂತು, ಆಗ 80 ದಾಟಿದವ್ರಿಗೆ, 2024ಕ್ಕೆ ಅದನ್ನ 85 ಮಾಡಿದ್ರು, ಜೊತೆಗೆ ಶೇಕಡ 40ಕ್ಕಿಂತ ಕಮ್ಮಿ ಇಲ್ಲದ ಅಂಗವೈಕಲ್ಯ ಇರೋವ್ರಿಗೆ. ಬಿಎಲ್‌ಒ, ಅಂದ್ರೆ ಬೂತ್ ಮಟ್ಟದ ಅಧಿಕಾರಿ, ಮನೆಗೆ ಅದರ ಅರ್ಜಿ 12ಡಿ ಫಾರ್ಮ್ ತಂದುಕೊಡ್ತಾರೆ, ಅಧಿಸೂಚನೆ ಆಗಿ ಐದು ದಿನದೊಳಗೆ ತುಂಬಿ ಕೊಡ್ಬೇಕು. ಆ ಹಂತದ ಅಧಿಸೂಚನೆ ಮಾರ್ಚ್ 28ಕ್ಕೇ ಆಗಿತ್ತು. ಅಪ್ಪಂಗೆ ವಯಸ್ಸೂ ಸಾಲಲಿಲ್ಲ, ಗಡುವೂ ದಾಟಿತ್ತು, ಮುರಿದ ಮೂಳೆ ಅಂಗವೈಕಲ್ಯದ ಸರ್ಟಿಫಿಕೇಟೂ ಅಲ್ಲ. ಆಪರೇಷನ್ ಆಗಿ ಮಲಗಿದ್ರು, ಬೆರಳಿಗೆ ಶಾಯಿ ಇಲ್ಲದ ಮೊದಲ ಎಲೆಕ್ಷನ್ ಅವ್ರಿಗೆ. ಅಮ್ಮ ಹೋಗಿ ಹಾಕಿ ಬಂದು ಬೆರಳು ತೋರ್ಸಿದಾಗ ಗೋಡೆ ಕಡೆ ತಿರುಗಿದ್ರಂತೆ.

ಇಲ್ಲಿನ ಏಜೆಂಟ್ ಪದ್ಧತಿನ ಅಲ್ಲಿಗೆ ಹಾಗೇ ತಗೊಂಡ್ ಹೋಗಿ ಅಂತ ನಾನು ಹೇಳಲ್ಲ. ಬೇರೆಯವ್ರ ಕೈಗೆ ಬ್ಯಾಲೆಟ್ ಕೊಡೋದು ಅಂದ್ರೆ ನಮ್ಮೂರುಗಳಲ್ಲಿ ಏನಾಗ್ಬಹುದು ಅಂತ ಎಲ್ರಿಗೂ ಗೊತ್ತು. ಆದ್ರೆ ಮನೆ ಮತದಾನಕ್ಕೆ ಬರೋ ತಂಡದಲ್ಲಿ ಇಬ್ರು ಅಧಿಕಾರಿಗಳು, ವಿಡಿಯೋ ತೆಗೆಯೋವ್ರು, ಪೊಲೀಸು ಎಲ್ಲಾ ಈಗಾಗ್ಲೇ ಇದಾರೆ. ಅದೇ ತಂಡ ಮತದಾನಕ್ಕೆ ಎರಡು ದಿನ ಮುಂಚೆ ದೊಡ್ಡ ಆಸ್ಪತ್ರೆಗಳಿಗೆ ಒಂದು ಸುತ್ತು ಹೋದ್ರೆ, ಡಾಕ್ಟರ್ ಸರ್ಟಿಫಿಕೇಟ್ ಮೇಲೆ ಆ ಕ್ಷೇತ್ರದ ರೋಗಿಗಳ ಹತ್ರ ಓಟ್ ಹಾಕಿಸ್ಕೊಂಡ್ರೆ ಆಗಲ್ವಾ? ಅವ್ರು ಮತ್ತೆ ಬೂತಲ್ಲಿ ಹಾಕದ ಹಾಗೆ ಮತದಾರರ ಪಟ್ಟಿಲಿ ಗುರುತು ಹಾಕೋದು ಕಷ್ಟ ಅಂತಾರೆ, ಕಷ್ಟ ಇರ್ಬಹುದು, ಆದ್ರೆ ಐದು ದಿನದ ಆ ಗಡುವಾದ ಮೇಲೆ ಮತದಾನದ ತನಕ ಮೂರು ವಾರ ಇರುತ್ತೆ, ಆ ಮೂರು ವಾರದಲ್ಲಿ ಬೀಳೋವ್ರು ಏನ್ ಮಾಡ್ಬೇಕು?

ಅಮೇರಿಕಾದಲ್ಲೂ ಎಲ್ಲಾ ರಾಜ್ಯದಲ್ಲೂ ಒಂದೇ ಥರ ಇಲ್ಲ, ಹಾಗಾಗಿ ಪೆನ್ಸಿಲ್ವೇನಿಯಾದ ಕಥೆ ಓದಿ ಬೇರೆ ಕಡೆ ಇರೋವ್ರು ಮೋಸ ಹೋಗ್ಬೇಡಿ. ನ್ಯೂಜೆರ್ಸಿಲಿ ಹಿಂದಿನ ದಿನ, ಸೋಮವಾರ ಮಧ್ಯಾಹ್ನ 3ರ ತನಕ ಮಾತ್ರ ಕೌಂಟಿ ಕ್ಲರ್ಕ್ ಆಫೀಸಲ್ಲಿ ಅರ್ಜಿ ಕೊಡ್ಬಹುದು, ತರೋವ್ರನ್ನ ಅಲ್ಲಿ ಮೆಸೆಂಜರ್ ಅಂತಾರೆ. ಟೆಕ್ಸಾಸಲ್ಲಿ ದಿಢೀರ್ ಕಾಯಿಲೆ ಬಿದ್ದವ್ರಿಗೆ ಚುನಾವಣೆ ದಿನ ಸಂಜೆ 5ರ ತನಕ ಅವಕಾಶ ಇದೆ, ಆದ್ರೆ ಡಾಕ್ಟರ್ ಸರ್ಟಿಫಿಕೇಟ್ ಬೇಕೇಬೇಕು.

ಅಂಕಲ್ ಈಗ ಚೆನ್ನಾಗಿದಾರೆ, ದಿನಾ ಎರಡು ಮೈಲಿ ನಡೀತಾರೆ. ಮನೆಗೆ ಬಂದ ವಾರ ರಾಜ್ಯದ ವೆಬ್‌ಸೈಟಲ್ಲಿ ತಮ್ಮ ಹೆಸರು, ಹುಟ್ಟಿದ ದಿನ ಹಾಕಿ ಬ್ಯಾಲೆಟ್ ಸ್ಟೇಟಸ್ ನೋಡಿದ್ರು, ರೆಕಾರ್ಡ್ ಆಗಿದೆ ಅಂತ ಬಂತು, ಅದನ್ನ ಸ್ಕ್ರೀನ್‌ಶಾಟ್ ತೆಗ್ದು ನನಗೆ ಕಳಿಸಿದ್ರು. 2025ರ ಮೇ 20ರ ಪ್ರೈಮರಿಗೆ, ಅಂದ್ರೆ ಪಕ್ಷದ ಅಭ್ಯರ್ಥಿ ಆರಿಸೋ ಎಲೆಕ್ಷನ್ನಿಗೆ, ಮೇಲ್ ಬ್ಯಾಲೆಟ್ ತರಿಸ್ಕೊಳ್ಳಿ ಅಂತ ನಾನೂ ಆಂಟಿನೂ ಎಷ್ಟು ಹೇಳಿದ್ರೂ ಕೇಳಲಿಲ್ಲ, ಬೂತಿಗೇ ನಡ್ಕೊಂಡು ಹೋಗಿ ಹಾಕಿದ್ರು. ಆದ್ರೆ ಅವ್ರ ಔಷಧಿ ಡಬ್ಬಿ ಇಡೋ ಡ್ರಾಯರಲ್ಲಿ ಈಗ ಎಮರ್ಜೆನ್ಸಿ ಅರ್ಜಿ ಎರಡು, ಏಜೆಂಟ್ ಫಾರ್ಮ್ ಎರಡು, ಪ್ರಿಂಟ್ ಹಾಕಿ ಇಟ್ಟಿದಾರೆ, ಒಂದೊಂದು ಆಂಟಿದು.